ಗಂಟಲಿಗೂ ಒಂದು ಗರಡಿ

ಊಟದ ನಡುವೆ ಮಾತನಾಡಲು ಹೋಗಿ ತುತ್ತು ನೆತ್ತಿಗೆ ಹತ್ತಿದರೆ, ‘ಯಾರೋ ನೆನೆಸಿದರು’ ಎಂದು ಮನೆಯ ಹಿರಿಯರು ತಲೆ ತಟ್ಟುವುದುಂಟು. ನಿಜವಾಗಿ ತುತ್ತು ಹೋದುದು ನೆತ್ತಿಗಲ್ಲ, ಶ್ವಾಸನಾಳದ ಬಾಗಿಲಿಗೆ. ಆರೋಗ್ಯವಂತನು ಒಮ್ಮೆ ಕೆಮ್ಮಿ ಪಾರಾಗುತ್ತಾನೆ. ಲಕ್ವ ಹೊಡೆದವರ ಗತಿಯೇನು? ಕಲಘಟಗಿ ತಾಲೂಕಿನ ನಮ್ಮ ದೇವಿಕೊಪ್ಪದಂತಹ ಹಳ್ಳಿಗಳಲ್ಲಿ, ಹಾಸಿಗೆ ಹಿಡಿದ ಅಜ್ಜನಿಗೆ ಮನೆಯವರು ಅಕ್ಕರೆಯಿಂದ ಕುಡಿಸಿದ ನೀರೇ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾಕ್ಕೆ ಕಾರಣವಾಗಬಹುದು.

ನುಂಗಿದ ಅನ್ನವು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆಂದು ಅನೇಕರ ಭಾವನೆ. ಹಾಗಿದ್ದರೆ ತೂಕವೇ ತೋರದ ವ್ಯೋಮನೌಕೆಯಲ್ಲಿ ಊಟ ಅಸಾಧ್ಯವಾಗುತ್ತಿತ್ತು. ಆದರೆ 1962ರಲ್ಲಿ ಅಮೆರಿಕದ ಜಾನ್ ಗ್ಲೆನ್ ಭೂಮಿಯನ್ನು ಸುತ್ತುತ್ತಲೇ ಅರೆದ ಸೇಬನ್ನು ನುಂಗಿದನು. ತುತ್ತನ್ನು ದೂಡುವುದು ಮುಖ್ಯವಾಗಿ ಸ್ನಾಯುಗಳ ಒತ್ತಡವೇ.

ಗಂಟಲಮಣಿಯ ಮೇಲೆ ಬೆರಳಿಟ್ಟು ಉಗುಳನ್ನು ನುಂಗಿ ನೋಡಿರಿ. ಮಣಿಯು ಮೇಲೇರಿ ಇಳಿಯುವುದು ತಿಳಿಯುತ್ತದೆ. ಗದ್ದದ ಕೆಳಗಿನ ಸ್ನಾಯುಗಳು ನಾಲಗೆಯ ಬುಡದಲ್ಲಿರುವ ಲಾಳಾಕಾರದ ಹಯಾಯ್ಡ್ ಎಲುಬನ್ನು ಮೇಲಕ್ಕೂ ಮುಂದಕ್ಕೂ ಎಳೆಯುತ್ತವೆ. ಅದರೊಡನೆ ಧ್ವನಿಪೆಟ್ಟಿಗೆಯೂ ಏರುತ್ತದೆ. ಈ ಒಂದೇ ಎಳೆತದಿಂದ ಎರಡು ಪ್ರಯೋಜನಗಳು: ಶ್ವಾಸನಾಳದ ಬಾಗಿಲು ಮುಚ್ಚಲು ನೆರವಾಗುತ್ತದೆ, ಅನ್ನನಾಳದ ಬಿಗಿದ ಬಾಯಿ ತೆರೆಯುತ್ತದೆ. ಗಂಟಲಿನ ಈ ಕಾರ್ಯವೆಲ್ಲ ಮುಗಿಯಲು ಹೆಚ್ಚುಕಡಿಮೆ ಒಂದು ಸೆಕೆಂಡು ಸಾಕು. ಸ್ನಾಯು ಸೋತಾಗ ತೆಳುವಾದ ನೀರು ಬಾಗಿಲು ಮುಚ್ಚುವ ಮೊದಲೇ ಜಾರಿಬಿಡಬಹುದು. ಸ್ನಿಗ್ಧತೆ ಹೆಚ್ಚಿರುವ ಗಂಜಿಯಾದರೋ ನಿಧಾನವಾಗಿ ಹರಿಯುವುದರಿಂದ ಗಂಟಲಿಗೆ ಕಾಲಾವಕಾಶ ದೊರೆಯುತ್ತದೆ.

ಸೋತ ಸ್ನಾಯುವಿಗೆ ಬಲ ತುಂಬುವುದು ಹೇಗೆ? ಗರಡಿಯ ಪೈಲ್ವಾನನು ಭಾರವೆತ್ತಿ ತೋಳನ್ನು ಬಲಪಡಿಸುತ್ತಾನೆ. ಗಂಟಲಿಗೆ ಅಂತಹ ಭಾರ ನಮ್ಮ ತಲೆಯೇ. ಅದರ ತೂಕ ಸುಮಾರು 5 ಕಿಲೋಗ್ರಾಂ. ಅಮೆರಿಕದ ವೈದ್ಯ ರೆಝಾ ಶೇಕರ್ ಮತ್ತು ಸಂಗಡಿಗರು 1997ರಲ್ಲಿ ಒಂದು ಸರಳ ವ್ಯಾಯಾಮದ ಫಲವನ್ನು ಪ್ರಕಟಿಸಿದರು. ಅಂಗಾತ ಮಲಗಿ, ಭುಜಗಳನ್ನು ನೆಲಕ್ಕೆ ತಾಗಿಸಿಕೊಂಡೇ, ಕಾಲ್ಬೆರಳು ಕಾಣುವಷ್ಟು ತಲೆಯೆತ್ತಬೇಕು. ಒಂದು ನಿಮಿಷ ಹಿಡಿದು, ಒಂದು ನಿಮಿಷ ವಿಶ್ರಮಿಸಿ, ಹೀಗೆ 3 ಬಾರಿ. ಬಳಿಕ ತಡೆಯದೆ 30 ಬಾರಿ ಎತ್ತಿ ಇಳಿಸಬೇಕು. ದಿನಕ್ಕೆ 3 ಸಲದಂತೆ 6 ವಾರ ಇದನ್ನು ಮಾಡಿದ ವೃದ್ಧರಲ್ಲಿ ಧ್ವನಿಪೆಟ್ಟಿಗೆ ಮೊದಲಿಗಿಂತ ಮುಂದೆ ಸರಿಯಿತು, ಅನ್ನನಾಳದ ಬಾಯಿ ಅಗಲವಾಗಿ ತೆರೆಯಿತು, ತುತ್ತಿಗಿದ್ದ ತಡೆ ತಗ್ಗಿತು. ನಳಿಕೆಯ ಮೂಲಕ ಆಹಾರ ಪಡೆಯುತ್ತಿದ್ದ ರೋಗಿಗಳು ಈ ಸಾಧನೆಯಿಂದ ಮತ್ತೆ ಬಾಯಿಂದ ಉಣ್ಣಲು ಶಕ್ತರಾದುದು 2002ರಲ್ಲಿ ವರದಿಯಾಯಿತು.

ಆದರೆ ಇದು ಎಲ್ಲರಿಗೂ ಒಂದೇ ಮದ್ದಲ್ಲ. ಕತ್ತಿನ ಎಲುಬಿನ ತೊಂದರೆಯುಳ್ಳವರಿಗೆ ಇದರಿಂದ ಅಪಾಯವಾದೀತು. ನುಂಗುವಿಕೆಯ ದೋಷ ಎಲ್ಲಿದೆಯೆಂದು ತಜ್ಞರು ಮೊದಲು ಪರೀಕ್ಷಿಸಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ದೋಷಗಳಿಗಲ್ಲದೆ ನುಂಗುವ ತೊಂದರೆಗಳಿಗೂ ಚಿಕಿತ್ಸೆಯುಂಟು.

ಮನೆಯಲ್ಲಿ ಹಿರಿಯರು ನೀರು ಕುಡಿದಾಗಲೆಲ್ಲ ಕೆಮ್ಮುತ್ತಿದ್ದರೆ, ಊಟದ ನಂತರ ಅವರ ದನಿ ಒದ್ದೆಯಾದಂತೆ ಕೇಳಿಸಿದರೆ, ವಯಸ್ಸಾಯಿತೆಂದು ಸುಮ್ಮನಿರಬೇಡಿರಿ, ವೈದ್ಯರಿಗೆ ತೋರಿಸಿರಿ. ಸೋತ ಗಂಟಲೂ ಎಷ್ಟೋ ವೇಳೆ ಮತ್ತೆ ಕಲಿಯಬಲ್ಲದು.