‘ಟ್ರಯಂಫ್’: ಗೆದ್ದವನ ಕಿವಿಗೊಂದು ಮಾತು

ಚುನಾವಣೆಯಿರಲಿ, ಕ್ರಿಕೆಟ್ ಇರಲಿ, ದೊಡ್ಡ ಗೆಲುವನ್ನು ವರ್ಣಿಸುವಾಗ ಇಂಗ್ಲಿಷ್ ಪತ್ರಿಕೆಗಳಿಗೆ ‘ಟ್ರಯಂಫ್’ ಪ್ರಿಯವಾದ ಪದ. ನಾವು ಅದನ್ನು ‘ವಿಜಯ’ ಎಂದು ಸಲೀಸಾಗಿ ಅನುವಾದಿಸುತ್ತೇವೆ. ಆದರೆ ಮೂಲದಲ್ಲಿ ಅದರ ಅರ್ಥ ಗೆಲುವಲ್ಲ, ಗೆಲುವಿನ ಮೆರವಣಿಗೆ.

ಲ್ಯಾಟಿನ್ನಿನ ‘ಟ್ರಿಯುಂಫುಸ್’ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತು. ಅದರ ಹಿಂದೆ, ಗ್ರೀಕರ ಮದ್ಯದೇವತೆ ಡಯೊನೈಸಸ್‌ನ ಸ್ತುತಿಗೀತೆಯ ಹೆಸರಾದ ‘ಥ್ರಿಯಾಂಬೋಸ್’ ಇದೆಯೆಂಬುದು ವಿದ್ವಾಂಸರ ಅಭಿಪ್ರಾಯ. ಇಸ್ಪೀಟಿನಲ್ಲಿ ನಾವು ತುರುಪು ಎನ್ನುವ ‘ಟ್ರಂಪ್’ ಕೂಡ ಇದೇ ಪದದ ಸವೆದ ರೂಪ.

ಪ್ರಾಚೀನ ರೋಮ್‌ನಲ್ಲಿ ಈ ಗೌರವ ಸುಲಭವಾಗಿ ದಕ್ಕುತ್ತಿರಲಿಲ್ಲ. ಗೆದ್ದ ದಂಡನಾಯಕ ನಗರದ ಪವಿತ್ರ ಗಡಿಯ ಹೊರಗೇ ನಿಂತು ಸೆನೆಟ್‌ನ ಒಪ್ಪಿಗೆಗೆ ಕಾಯಬೇಕಿತ್ತು. ಪೂರ್ವದೇಶಗಳಲ್ಲಿ ಯುದ್ಧ ಮಾಡಿ ಮರಳಿದ ಲುಕುಲ್ಲಸ್ ಹೀಗೆ ಸುಮಾರು ಮೂರು ವರ್ಷ ಕಾದನು. ಗೆಲುವು ಸಣ್ಣದೆನಿಸಿದರೆ ದೊರೆಯುತ್ತಿದ್ದುದು ‘ಓವೇಷನ್’ ಎಂಬ ಕಿರಿಯ ಗೌರವ ಮಾತ್ರ, ಅದರಲ್ಲಿ ರಥವಿಲ್ಲ.

ಒಪ್ಪಿಗೆ ಸಿಕ್ಕಿದರೆ ನಾಲ್ಕು ಕುದುರೆಗಳ ರಥ, ಲಾರೆಲ್ ಎಲೆಗಳ ಕಿರೀಟ, ಮುಂದೆ ಕೊಳ್ಳೆಯ ಸಂಪತ್ತು ಮತ್ತು ಸೆರೆಯಾಳುಗಳು. ಇದು ಕ್ರೂರವೂ ಆಗಿತ್ತು: ಕ್ರಿ.ಪೂ. 46ರಲ್ಲಿ ಸೀಸರ್‌ನ ಮೆರವಣಿಗೆಯಲ್ಲಿ ಪ್ರದರ್ಶಿಸಲಾದ ಗಾಲ್ ನಾಯಕ ವರ್ಸಿಂಜೆಟೊರಿಕ್ಸ್‌ನನ್ನು ಬಳಿಕ ಕೊಲ್ಲಲಾಯಿತು. ಆದರೂ ಆ ಆಚರಣೆಯಲ್ಲಿ ಒಂದು ವಿವೇಕವಿತ್ತು. ಹಿಂದೆ ನಡೆಯುವ ಸೈನಿಕರು ತಮ್ಮ ನಾಯಕನನ್ನೇ ಲೇವಡಿ ಮಾಡಿ ಹಾಡುತ್ತಿದ್ದರು. ‘ನೀನೂ ಮನುಷ್ಯನೇ, ಮರೆಯಬೇಡ’ ಎಂಬ ಎಚ್ಚರಿಕೆ ರಥದಲ್ಲಿ ಅವನ ಕಿವಿಗೆ ಬೀಳುತ್ತಿತ್ತೆಂದು ಟೆರ್ಟುಲಿಯನ್ ಬರೆದಿದ್ದಾನೆ.

ಪದ ಉಳಿಯಿತು, ಮೆರವಣಿಗೆಯೂ ಉಳಿಯಿತು. ಕಾಯುವ ಸಂಯಮ ಮತ್ತು ಕಿವಿಮಾತು ಉಳಿಯಲಿಲ್ಲ. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡ ಐಪಿಎಲ್ ಕಪ್ ಗೆದ್ದಿತು. ಮರುದಿನವೇ ನಡೆದ ವಿಜಯೋತ್ಸವದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಗೆದ್ದ ಸಂತೋಷವನ್ನು ಹಂಚಿಕೊಳ್ಳಲು ಹೋದವರು ಮನೆಗೆ ಮರಳಲಿಲ್ಲ.

ಆಡಳಿತದಲ್ಲಿ ಬಹುಕಾಲ ಕಳೆದ ನನ್ನಂಥವರು ಬಲ್ಲ ಸಂಗತಿಯೊಂದಿದೆ. ಜನಸಂದಣಿಯ ಬಂದೋಬಸ್ತಿಗೆ ಪೊಲೀಸರಷ್ಟೇ ಸಾಲದು, ಸಮಯವೂ ಬೇಕು. ಎಷ್ಟು ಜನ ಬರಬಹುದು, ಯಾವ ದ್ವಾರದಿಂದ ಒಳಬಿಡಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎಂಬುದನ್ನು ಶಾಂತವಾಗಿ ಕುಳಿತು ನಿರ್ಧರಿಸಬೇಕಾಗುತ್ತದೆ. ಗೆಲುವಿನ ಮತ್ತಿನಲ್ಲಿ ಅಂಥ ಸಮಯ ಕೇಳುವ ಅಧಿಕಾರಿ ಎಲ್ಲರಿಗೂ ಅಪ್ರಿಯನಾಗುತ್ತಾನೆ. ಆದರೆ ರೋಮ್‌ನ ರಥದಲ್ಲಿ ಕೇಳಿಬರುತ್ತಿದ್ದ ಮಾತೂ ಪ್ರಿಯವಾದುದೇನಲ್ಲ. ಇನ್ನು ಮುಂದಾದರೂ ನಮ್ಮ ವಿಜಯೋತ್ಸವಗಳಲ್ಲಿ, ‘ಇಂದು ಬೇಡ, ಸ್ವಲ್ಪ ಕಾಯೋಣ’ ಎನ್ನುವವನ ಮಾತಿಗೂ ಬೆಲೆ ಇರಲಿ.