ಹಾಡಿಯ ಹಾಡಿಗೆ ವೇದಿಕೆ ಸಿಕ್ಕಿದರೆ ಸಾಲದು

ಮೈಸೂರು ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ನೆನಪಾಗುವುದು ಅರಮನೆ, ದಸರಾ. ಮಡಿಕೇರಿ ದಾಟಿ ಮೈಸೂರಿಗೆ ಹೋಗುವ ಬಸ್ಸು ಪಿರಿಯಾಪಟ್ಟಣ, ಹುಣಸೂರಿನ ಮೇಲೆಯೇ ಹೋಗುತ್ತದೆ. ಆದರೆ ಆ ಎರಡು ತಾಲೂಕುಗಳಲ್ಲೂ ಪಕ್ಕದ ಎಚ್.ಡಿ. ಕೋಟೆ, ಕೆ.ಆರ್. ನಗರಗಳಲ್ಲೂ ಎಷ್ಟು ಬಗೆಯ ಹಾಡುಗಳುಂಟು ಎಂದು ನಾವು ಯೋಚಿಸುವುದೇ ಕಡಿಮೆ.

ನಾಗರಹೊಳೆ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದಾರೆ. ಮೂವರಿಗೂ ಅವರವರದೇ ನುಡಿ. ಜೇನು ತೆಗೆಯುವುದಕ್ಕೂ ಹಾಡು, ಮದುವೆಗೂ ಹಾಡು. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ವಾಗ್ರಿ ಭಾಷೆ ಗುಜರಾತಿಗೆ ಹತ್ತಿರದ್ದು. 1960ರ ದಶಕದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟಿಯನ್ನರು ಲೋಸಾರ್ ಹಬ್ಬದಲ್ಲಿ ತಮ್ಮ ಹಾಡು ಕುಣಿತ ಉಳಿಸಿಕೊಂಡಿದ್ದಾರೆ. ಹುಣಸೂರಿನ ಗುರುಪುರದಲ್ಲಿರುವ ಗ್ಯುದ್ಮೆದ್ ಮಠದ ಭಿಕ್ಷುಗಳ ಮಂತ್ರಪಠಣವಂತೂ ಪ್ರಸಿದ್ಧ. ಒಬ್ಬನ ಗಂಟಲಿನಿಂದಲೇ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರ ಹೊರಡುತ್ತದೆ! ಕೆ.ಆರ್. ನಗರದ ಕಪ್ಪಡಿಯಲ್ಲಿ ರಾಚಪ್ಪಾಜಿ ಜಾತ್ರೆಯಾಗುತ್ತದೆ. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಪರಂಪರೆ ಅದು.

ಗಿರಿಜನ ಉತ್ಸವ, ಗ್ರಾಮೀಣ ದಸರಾ ಮುಂತಾದ ಸರಕಾರಿ ಕಾರ್ಯಕ್ರಮಗಳು ಇಂಥ ಕಲಾವಿದರನ್ನು ವೇದಿಕೆಗೆ ತಂದಿವೆ. ಒಳ್ಳೆಯದೇ. ಆದರೆ ಮೈಕಿನಲ್ಲಿ "ಈಗ ಬುಡಕಟ್ಟು ನೃತ್ಯ" ಎಂದಷ್ಟೇ ಹೇಳಿ ಮುಗಿಸಿದರೆ, ಕೇಳುವವರಿಗೆ ವೇಷ ಕಾಣುತ್ತದೆ, ಭಾಷೆ ಕೇಳಿಸುವುದಿಲ್ಲ. ಯಾವ ನುಡಿ, ಏನರ್ಥ ಎಂದು ಗೊತ್ತಾಗದ ಹಾಡು ಫೋಟೋದಲ್ಲಿ ಮಾತ್ರ ಉಳಿಯುತ್ತದೆ.

ಇದು ಬ್ಯಾರಿಗಳಾದ ನಮಗೆ ಬೇಗ ಅರ್ಥವಾಗಬೇಕು. ಬ್ಯಾರಿ ಎಂಬುದೂ ಒಂದು ಭಾಷೆಯೇ ಎಂದು ಕೇಳಿದವರಿದ್ದರು. ಬರೆಯುವುದು ಕನ್ನಡ ಲಿಪಿಯಲ್ಲಿ, ಮದ್ರಸದಲ್ಲಿ ಹಿರಿಯರು ಓದಿದ್ದು ಅರಬಿ-ಮಲಯಾಳಂ. ನಡುವೆ ನಮ್ಮ ನುಡಿ ಉಳಿದದ್ದು ಮನೆಮಾತಿನಲ್ಲಿ, ಮದುವೆ ಮನೆಯಲ್ಲಿ ಹೆಂಗಸರು ಹಾಡಿದ ಪಾಟುಗಳಲ್ಲಿ. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ 'ಬ್ಯಾರಿ' ಸಿನಿಮಾ ರಾಷ್ಟ್ರಪ್ರಶಸ್ತಿ ಪಡೆಯಿತು. ಆಮೇಲೆ ಆ ಪ್ರಶ್ನೆ ಕಡಿಮೆಯಾಯಿತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬ್ಯಾರಿ ಇಲ್ಲ, ಜೇನುಕುರುಬವೂ ಇಲ್ಲ, ಯರವವೂ ಇಲ್ಲ. ನಮಗೆ ಅಕಾಡೆಮಿಯಾದರೂ ಉಂಟು, ಅವರಿಗೆ ಅದೂ ಇಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹಾಡುವ ಮೊದಲು ಹಾಡಿಯವರೇ ತಮ್ಮ ಭಾಷೆಯ ಹೆಸರು ಹೇಳಲಿ, ಎರಡು ಮಾತಿನಲ್ಲಿ ಕನ್ನಡದಲ್ಲಿ ಅರ್ಥ ತಿಳಿಸಲಿ. ಪ್ರತಿ ಹಾಡನ್ನೂ ಧ್ವನಿಮುದ್ರಿಸಿ ಹಾಡಿಗೇ ಒಂದು ಪ್ರತಿ ಕೊಡಲಿ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲೇ ಇದೆ. ಎಚ್.ಡಿ. ಕೋಟೆ ಸೀಮೆಯ ಸರಗೂರಿನಲ್ಲಿ 'ಜನಧ್ವನಿ' ಸಮುದಾಯ ಬಾನುಲಿ ಇದೆ. ಗಿರಿಜನ ಆಶ್ರಮ ಶಾಲೆಗಳಲ್ಲಿ ವಾರಕ್ಕೊಂದು ಗಂಟೆ ಹಾಡಿಯ ಅಜ್ಜಿಯನ್ನು ಕೂರಿಸಿ ಮಕ್ಕಳಿಗೆ ಹಾಡು ಕಲಿಸಿದರೆ ಖರ್ಚೂ ಇಲ್ಲ.

ಕನ್ನಡ ಕಲಿಯಲೇಬೇಕು, ಅದು ಅನ್ನದ ದಾರಿ. ಹಾಗೆಂದು ತಾಯಿಯ ಹಾಡನ್ನು ಮರೆಯಬೇಕಾಗಿಲ್ಲ. ನಾವು ಎರಡನ್ನೂ ಇಟ್ಟುಕೊಂಡೇ ಬೆಳೆದವರಲ್ವಾ? ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಉತ್ಸವವೇನಾದರೂ ನಡೆಯುತ್ತಿದ್ದರೆ ಇಳಿದು, ಅರ್ಧ ಗಂಟೆ ಕೂತು ಕೇಳೋಣ.