ಹಕ್ಕಿಗೆ ತೋರುವ ತಾಳ್ಮೆ ದೇಹಕ್ಕೂ ಇರಲಿ

ಕಳೆದ ವಾರ ನನ್ನ ಕ್ಲಿನಿಕ್ಕಿಗೆ ಒಬ್ಬರು ತಂದೆ ಮತ್ತು ಮಗ ಬಂದಿದ್ದರು. ಜ್ವರವಿಲ್ಲ, ಕೆಮ್ಮಿಲ್ಲ. ಮಗ ಹೊಸ ಕ್ಯಾಮೆರಾ ಕೊಂಡಿದ್ದಾನೆ. ಏಪ್ರಿಲ್‌ನಲ್ಲಿ ಹಕ್ಕಿಗಳ ಚಿತ್ರ ತೆಗೆಯಲು ಅಪ್ಪನನ್ನೂ ಕರೆದುಕೊಂಡು ಹಿಮಾಲಯಕ್ಕೆ ಹೊರಟಿದ್ದಾನೆ. ಅಪ್ಪನಿಗೆ ಅರವತ್ತೊಂದು ವರ್ಷ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. “ದಿನಾ ನಾಲ್ಕು ಕಿಲೋಮೀಟರ್ ನಡೀತಾರೆ ಡಾಕ್ಟ್ರೇ, ಏನೂ ಆಗಲ್ಲ ಅಲ್ವಾ?” ಎಂದು ಮಗ ಕೇಳಿದ.

ಅವನಿಗೆ ಉತ್ತರ ಹೇಳುವ ಮೊದಲು ನನಗೆ ನೆನಪಾದದ್ದು ನಾನೇ ಮಾಡಿದ ಒಂದು ತಪ್ಪು. ಅದನ್ನು ನಿಮಗೂ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ಮೊದಲ ವಾರ ನಾವು ನಾಲ್ವರು ಗೆಳೆಯರು ಉತ್ತರಾಖಂಡದ ಚೋಪ್ತಾಕ್ಕೆ ಹೋಗಿದ್ದೆವು. ಅಲ್ಲಿಂದ ತುಂಗನಾಥಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ಏರುದಾರಿ. ಗುಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ, ದಾರಿಯುದ್ದಕ್ಕೂ ಹಿಮವಿತ್ತು. ನಮಗೆ ಬೇಕಾಗಿದ್ದುದು ಆ ರಾಜ್ಯದ ಹಕ್ಕಿಯಾದ ಮೋನಾಲ್. ಬಿಸಿಲು ಬಿದ್ದರೆ ಗಂಡುಹಕ್ಕಿಯ ಮೈಮೇಲೆ ಹಸಿರು, ನೀಲಿ, ತಾಮ್ರದ ಬಣ್ಣಗಳು ಹೊಳೆಯುತ್ತವೆ. ಅದನ್ನು ನೋಡುವ ಆಸೆಗೆ ಋಷಿಕೇಶದಿಂದ ಬೆಳಿಗ್ಗೆ ಹೊರಟವರು ಸಂಜೆಗೆಲ್ಲಾ ಚೋಪ್ತಾದಲ್ಲಿದ್ದೆವು. ಋಷಿಕೇಶ ಇರುವುದು ಸಮುದ್ರಮಟ್ಟದಿಂದ ಸುಮಾರು 350 ಮೀಟರ್ ಎತ್ತರದಲ್ಲಿ. ಚೋಪ್ತಾ ಸುಮಾರು 2,700 ಮೀಟರ್. ಒಂದೇ ಹಗಲಿನಲ್ಲಿ ಅಷ್ಟು ಎತ್ತರ!

ನಮ್ಮ ತಂಡದಲ್ಲಿ ಐವತ್ತೆಂಟರ ಪ್ರಾಯದ ಮೇಷ್ಟ್ರೊಬ್ಬರಿದ್ದರು. ರಾತ್ರಿ ಅವರು ಊಟ ಮಾಡಲಿಲ್ಲ. ತಲೆನೋವು ಎಂದರು. ಬೆಳಗಿನ ಜಾವ ವಾಂತಿಯಾಯಿತು. “ಪಿತ್ತ ಕೆರಳಿದೆ ಅಷ್ಟೆ ಡಾಕ್ಟ್ರೇ, ನೀವು ನಡೀರಿ” ಎಂದು ಅವರೇ ಮುಂದಾದರು. ನಾನು ವೈದ್ಯ. ಅಲ್ಲಿಯೇ ತಡೆಯಬೇಕಿತ್ತು, ತಡೆಯಲಿಲ್ಲ. ನನಗೂ ಮೋನಾಲ್ ಬೇಕಾಗಿತ್ತು.

ಮುಕ್ಕಾಲು ದಾರಿ ಏರಿದಾಗ ಕೊನೆಗೂ ಹಕ್ಕಿ ಕಂಡಿತು, ಮೂವತ್ತು ಅಡಿ ದೂರದಲ್ಲಿ ಹಿಮ ಕೆದಕುತ್ತಾ. ಮೇಷ್ಟ್ರು ಕ್ಯಾಮೆರಾ ಎತ್ತಲಿಲ್ಲ. ಸುಮ್ಮನೆ ಕುಳಿತುಬಿಟ್ಟರು. ಎಬ್ಬಿಸಿ, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಿರಿ ಎಂದೆ. ಕುಡಿದವರಂತೆ ವಾಲಿದರು. ಮಿದುಳಿಗೆ ಬಾವು ಬರತೊಡಗಿದೆ ಎಂಬುದಕ್ಕೆ ಇದು ಸೂಚನೆ. ನನ್ನ ಚೀಲದಲ್ಲಿದ್ದ ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಟ್ಟೆ. ಹೆಗಲು ಕೊಟ್ಟು ಇಳಿಸಿ, ಜೀಪಿನಲ್ಲಿ ಸುಮಾರು 1,300 ಮೀಟರ್ ಎತ್ತರದ ಊಖೀಮಠಕ್ಕೆ ತಂದೆವು. ಅಲ್ಲಿ ಆಮ್ಲಜನಕ ಕೊಟ್ಟರು. ಸಂಜೆಗೆ ಮೇಷ್ಟ್ರು ಗಂಜಿ ಕುಡಿದರು. ಇನ್ನು ನಾಲ್ಕು ಗಂಟೆ ತಡವಾಗಿದ್ದರೆ? ಆ ಪ್ರಶ್ನೆ ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಎತ್ತರ ಏನು ಮಾಡುತ್ತದೆ?

ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಪ್ರಮಾಣ ಎಲ್ಲೆಡೆಯೂ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ತುಂಗನಾಥದ 3,680 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ ಇಲ್ಲಿ ಎಷ್ಟು ಬೆಟ್ಟ ಹತ್ತಿದ್ದರೂ ಆ ಅನುಭವ ಅಲ್ಲಿಗೆ ಸಾಲದು.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಆಮ್ಲ-ಕ್ಷಾರದ ಸಮತೋಲ ಸರಿಪಡಿಸುತ್ತವೆ. ಆದರೆ ಇದಕ್ಕೆಲ್ಲ ಕೆಲವು ದಿನ ಬೇಕು. ಅವಸರ ಮಾಡಿದರೆ ಪರ್ವತರೋಗ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ಸುಸ್ತು, ನಿದ್ದೆಗೇಡು ಕಾಣಿಸುತ್ತವೆ. ದಿನಾ ನಡೆಯುವ ಅಭ್ಯಾಸ ಇದನ್ನು ತಡೆಯದು. ಗಟ್ಟಿಮುಟ್ಟಾದ ಯುವಕರು ಬಿರಬಿರನೆ ಹತ್ತಿ ಮೊದಲು ಮಲಗುವುದೂ ಉಂಟು.

ತಲೆನೋವಿದ್ದಾಗ ಮೇಲೆ ಹೋಗಬೇಡಿ. ಇದ್ದಲ್ಲೇ ಉಳಿಯಿರಿ, ಹೆಚ್ಚಾದರೆ ಇಳಿಯಿರಿ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮಿನಲ್ಲಿ ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ನಡಿಗೆ ತಪ್ಪಿದರೆ, ಮಾತು ತೊದಲಿದರೆ ಮಿದುಳಿಗೆ ಅಪಾಯ. ಈ ಎರಡರಲ್ಲೂ ನಡುರಾತ್ರಿಯಾದರೂ ಕೂಡಲೇ ಇಳಿಸಲೇಬೇಕು.

ನಿಂತವನಿಗೆ ಚಳಿ ಜಾಸ್ತಿ

ಚಾರಣಿಗನಿಗೂ ಹಕ್ಕಿ ನೋಡುವವನಿಗೂ ಒಂದು ವ್ಯತ್ಯಾಸವಿದೆ. ಚಾರಣಿಗ ನಡೆಯುತ್ತಲೇ ಇರುತ್ತಾನೆ. ಅವನ ಸ್ನಾಯುಗಳೇ ಅವನಿಗೆ ಒಲೆ. ಹಕ್ಕಿ ನೋಡುವವನು ಬೆವರುತ್ತಾ ಹತ್ತಿ, ಪೊದೆಯ ಮರೆಯಲ್ಲಿ ಒಂದೆರಡು ಗಂಟೆ ಅಲುಗಾಡದೆ ಕೂರುತ್ತಾನೆ. ಒಲೆ ಆರುತ್ತದೆ, ಒಳಗಿನ ಹತ್ತಿಯ ಬನಿಯನ್ ಒದ್ದೆಯಾಗಿರುತ್ತದೆ. ಒದ್ದೆ ಹತ್ತಿ ಮೈಶಾಖವನ್ನು ಹೀರಿಬಿಡುತ್ತದೆ. ದೇಹದೊಳಗಿನ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದೇ ಹೈಪೋಥರ್ಮಿಯಾ. ಮೊದಲು ನಡುಕ, ಆಮೇಲೆ ಬೆರಳುಗಳು ಮಾತು ಕೇಳುವುದಿಲ್ಲ, ನಾಲಿಗೆ ತಡವರಿಸುತ್ತದೆ. ತುಂಬ ತಣ್ಣಗಿರುವವರಿಗೆ ನಡುಕ ನಿಂತರೆ ಅದು ಗುಣವಾದ ಲಕ್ಷಣವಲ್ಲ, ಕೆಟ್ಟ ಲಕ್ಷಣ.

ಉಪಾಯವನ್ನು ಹಕ್ಕಿಯಿಂದಲೇ ಕಲಿಯಿರಿ. ಚಳಿಯಲ್ಲಿ ಅದು ಗರಿಗಳನ್ನು ಉಬ್ಬಿಸಿ ಕೂರುತ್ತದೆ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದಕ್ಕೆ ಕಂಬಳಿ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಉಣ್ಣೆಯ ಬಟ್ಟೆ, ಮೇಲೊಂದು ಗಾಳಿ-ನೀರು ತಡೆಯುವ ಜಾಕೆಟ್ ಹಾಕಿ. ಹತ್ತುವಾಗ ಒಂದು ಪದರ ತೆಗೆದು, ಕೂರುವ ಮೊದಲು ಒಣಬಟ್ಟೆ ಬದಲಿಸಿ. ಚಳಿಯಾದ ಮೇಲಲ್ಲ, ಚಳಿಯಾಗುವ ಮೊದಲು. ಕ್ಯಾಮೆರಾದ ಗುಂಡಿ ಒತ್ತಲು ತೆಳ್ಳನೆಯ ಕೈಗವಸು ತೊಟ್ಟು, ಅದರ ಮೇಲೆ ದಪ್ಪನೆಯದು ಹಾಕಿಕೊಳ್ಳಿ. ಬರಿಗೈಯಲ್ಲಿ ಲೋಹದ ಟ್ರೈಪಾಡ್ ಹಿಡಿಯಬೇಡಿ. ಬೆರಳು ಮರಗಟ್ಟಿ ಬಿಳಿಚಿಕೊಂಡರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ.

“ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತೆ” ಎಂಬುದು ಭ್ರಮೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗೆನಿಸುತ್ತಿರುವಾಗಲೇ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬಾಯಾರಿಕೆಯಾಗದಿದ್ದರೂ ಬಿಸಿನೀರು, ಸಾರು ಆಗಾಗ ಕುಡಿಯಿರಿ.

ಇನ್ನೊಂದು ಎಚ್ಚರಿಕೆ. ಬೆಟ್ಟದ ಕೋಣೆಗಳಲ್ಲಿ ಇದ್ದಲಿನ ಅಗ್ಗಿಷ್ಟಿಕೆ ತಂದಿಡುತ್ತಾರೆ. ಕಿಟಕಿ-ಬಾಗಿಲು ಮುಚ್ಚಿ ಅದರೊಂದಿಗೆ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ಅದರ ಮೊದಲ ಲಕ್ಷಣಗಳೂ ತಲೆನೋವು, ವಾಕರಿಕೆಯೇ. ಪರ್ವತರೋಗವೆಂದುಕೊಂಡು ಮಲಗಿದವರು ಏಳದೇ ಹೋಗಬಹುದು.

ಸಕ್ಕರೆ ಕಾಯಿಲೆ ಇದ್ದವರಿಗೆ

ಛಾಯಾಗ್ರಾಹಕರಿಗೆ ಒಂದು ವಿಷಯ ಗೊತ್ತು: ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಅದನ್ನು ಒಳಜೇಬಿನಲ್ಲಿಡಬೇಕು. ಇನ್ಸುಲಿನ್‌ಗೂ ಅದೇ ಜಾಗ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಬೇಕು. ಸಕ್ಕರೆ ಅಳೆಯುವ ಯಂತ್ರವೂ ತೀರಾ ತಣ್ಣಗಿದ್ದರೆ ಕೆಲಸ ಮಾಡದು. ಏರುನಡಿಗೆ ಮತ್ತು ನಡುಕ ಎರಡೂ ಸಕ್ಕರೆಯನ್ನು ಇಳಿಸುತ್ತವೆ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ರಾತ್ರಿ ಪಾದಗಳನ್ನು ಪರೀಕ್ಷಿಸಿ; ಸ್ಪರ್ಶ ಕುಂದಿದ ಪಾದಕ್ಕೆ ಹಿಮದ ಗಾಯ ತಿಳಿಯುವುದಿಲ್ಲ.

ಇತ್ತೀಚೆಗೆ ಹೃದಯಾಘಾತವಾದವರು, ಹತೋಟಿಗೆ ಬಾರದ ರಕ್ತದೊತ್ತಡ, ತೀವ್ರ ಉಬ್ಬಸ, ರಕ್ತಹೀನತೆ ಇದ್ದವರು ಮತ್ತು ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳದೆ ಟಿಕೆಟ್ ಕಾಯ್ದಿರಿಸಬಾರದು. ಪರ್ವತರೋಗ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆ ಇದೆ. ಅದು ಎಲ್ಲರಿಗೂ ಆಗುವುದಿಲ್ಲ. ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ನೆನಪಿಡಿ

* ಒಂದೇ ದಿನದಲ್ಲಿ 2,500 ಮೀಟರ್ ದಾಟಿ ಮಲಗಬೇಡಿ. ನಡುವೆ ಒಂದೆರಡು ರಾತ್ರಿ ತಂಗಿ.
* 3,000 ಮೀಟರ್ ನಂತರ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ.
* ತಲೆನೋವನ್ನು ಜೊತೆಗಾರರಿಂದ ಮುಚ್ಚಿಡಬೇಡಿ.
* ಕಾಯಿಲೆಯಾದವರನ್ನು ಒಬ್ಬರೇ ಬಿಡಬೇಡಿ, ಒಬ್ಬರನ್ನೇ ಇಳಿಸಬೇಡಿ.
* ಹಿಮದ ಮೇಲಿನ ಬಿಸಿಲಿಗೆ ಕಪ್ಪು ಕನ್ನಡಕ ಕಡ್ಡಾಯ.

ತಂದೆ-ಮಗನಿಗೆ ನಾನು ಬೇಡ ಎನ್ನಲಿಲ್ಲ. ಮೊದಲ ರಾತ್ರಿ ಊಖೀಮಠ, ಎರಡನೆಯದು ಸುಮಾರು 2,000 ಮೀಟರ್ ಎತ್ತರದ ಸಾರಿ ಗ್ರಾಮ, ಆಮೇಲೆ ಚೋಪ್ತಾ, ಅಲ್ಲೊಂದು ದಿನ ಪೂರ್ತಿ ವಿಶ್ರಾಂತಿ ಎಂದು ಬರೆದುಕೊಟ್ಟೆ. “ಎರಡು ದಿನ ದಂಡ” ಎಂದು ಮಗ ಗೊಣಗಿದ. ದಂಡವೇನಿಲ್ಲ. ನಮ್ಮ ಮಲೆನಾಡಿನ ಝರಿಗಳ ಬಳಿ ಮುಂಜಾನೆ ಸಿಳ್ಳೆ ಹಾಕುವ ಹಕ್ಕಿಯ ನೆಂಟನೊಬ್ಬ ಅಲ್ಲಿನ ಹಳ್ಳಗಳಲ್ಲೂ ಇದ್ದಾನೆ.

ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 7,000 ಮೀಟರಿಗೂ ಮೇಲೆ ಅವು ಹಾರಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ನೇ ತೆಳುಗಾಳಿಯಿಂದ ಆಮ್ಲಜನಕವನ್ನು ಬಾಚಿಕೊಳ್ಳುವಂಥದ್ದು. ನಮಗೆ ಆ ವರ ಇಲ್ಲ. ನಾವು ನಿಧಾನವಾಗಿಯೇ ಹತ್ತಬೇಕು. ಒಂದು ಚಿತ್ರಕ್ಕಾಗಿ ನಾಲ್ಕು ಗಂಟೆ ಉಸಿರು ಬಿಗಿಹಿಡಿದು ಕಾಯುವ ನೀವು ನಿಮ್ಮ ದೇಹಕ್ಕೆ ಎರಡು ದಿನ ಕಾಯಲಾರಿರಾ?

ಅಂದ ಹಾಗೆ, ನಮ್ಮ ಮೇಷ್ಟ್ರು ಎರಡು ವರ್ಷದ ನಂತರ ಮತ್ತೆ ಅಲ್ಲಿಗೆ ಹೋಗಿದ್ದರು, ಈ ಬಾರಿ ನಿಧಾನವಾಗಿ. ಅವರು ತೆಗೆದ ಮೋನಾಲ್ ಚಿತ್ರ ಈಗ ನನ್ನ ಕ್ಲಿನಿಕ್ಕಿನ ಗೋಡೆಯ ಮೇಲಿದೆ.